ಜ್ವರ ಬಿಟ್ಟ ದಿನ ಅಮ್ಮ ಏಕೆ ಏಳಬಾರದು?

ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಅಮ್ಮ ನೋಡಿಕೊಳ್ಳುತ್ತಾಳೆ. ಅಪ್ಪನಿಗೆ ಬಂದರೂ ಆಕೆಯೇ ನೋಡಿಕೊಳ್ಳುತ್ತಾಳೆ. ಅಜ್ಜಿಯ ಕಷಾಯ, ತಾತನ ಮಾತ್ರೆ, ನಿಮ್ಮ ಹಣೆಯ ಮೇಲಿನ ಒದ್ದೆ ಬಟ್ಟೆ, ಎಲ್ಲಕ್ಕೂ ಅದೇ ಎರಡು ಕೈಗಳು. ಆ ಕೈಗಳೇ ಜ್ವರದಿಂದ ನಡುಗತೊಡಗಿದರೆ? ವಿದ್ಯಾರ್ಥಿ ಮಿತ್ರರೇ, ಈ ತಿಂಗಳ ಆರೋಗ್ಯ ಮಾತುಕತೆಗೆ ನಾವು ಆರಿಸಿಕೊಂಡಿರುವುದು ಈ ಪ್ರಶ್ನೆಯನ್ನೇ. ವೈದ್ಯರಿಗಿಂತ ಹೆಚ್ಚಾಗಿ ನಿಮ್ಮನ್ನು ಉದ್ದೇಶಿಸಿ ಇದನ್ನು ಬರೆಯುತ್ತಿದ್ದೇನೆ. ಏಕೆಂದರೆ ಅನೇಕ ಮನೆಗಳಲ್ಲಿ ಹಗಲು ಹೊತ್ತು ರೋಗಿಯ ಪಕ್ಕದಲ್ಲಿ ಇರುವ ದೊಡ್ಡವರೆಂದರೆ ನೀವೇ.

ಜೆ.ಪಿ. ನಗರದ ಒಂದು ಮನೆಯನ್ನು ಊಹಿಸಿಕೊಳ್ಳಿ. ಸಾರಕ್ಕಿ ಮಾರುಕಟ್ಟೆಗೆ ಹತ್ತಿರದ ಅಡ್ಡರಸ್ತೆ, ಎರಡನೆಯ ಮಹಡಿಯ ಬಾಡಿಗೆ ಮನೆ. ಅಪ್ಪ ಬೆಳಿಗ್ಗೆ ಏಳಕ್ಕೆಲ್ಲ ಮೆಟ್ರೋ ಹತ್ತಿ ಪೀಣ್ಯದ ಕಾರ್ಖಾನೆಗೆ ಹೊರಡುತ್ತಾರೆ. ನೀವು ದ್ವಿತೀಯ ಪಿಯುಸಿ, ತಮ್ಮ ಐದನೆಯ ತರಗತಿ, ತಂಗಿಗೆ ಎರಡು ವರ್ಷ. ಅಜ್ಜಿ ಊರಲ್ಲಿದ್ದಾರೆ. ಸೋಮವಾರ ಸಂಜೆ ಅಮ್ಮನಿಗೆ ಚಳಿ, ತಲೆನೋವು, ಕಣ್ಣಿನ ಹಿಂಭಾಗದಲ್ಲಿ ಸಿಡಿತ, ಮೈಕೈ ಮುರಿದು ಹಾಕಿದಂಥ ನೋವು. ಮಂಗಳವಾರ ರಕ್ತಪರೀಕ್ಷೆಯಾಗಿ ಡೆಂಗಿ ಎಂದು ಗೊತ್ತಾಯಿತು. ವೈದ್ಯರು ಹೇಳಿದ್ದು ಎರಡೇ ಮಾತು: "ಚೆನ್ನಾಗಿ ನೀರು ಕುಡಿಯಿರಿ, ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಿ."

ನೀರೇನೋ ಸರಿ, ವಿಶ್ರಾಂತಿ ಎಲ್ಲಿಂದ ಬರಬೇಕು? ಎರಡು ವರ್ಷದ ಮಗುವಿಗೆ ಡೆಂಗಿ ಎಂದರೆ ಅರ್ಥವಾಗುವುದಿಲ್ಲ. ಅದಕ್ಕೆ ಹಸಿವಾಗುತ್ತದೆ, ಅದು ಎತ್ತಿಕೋ ಎನ್ನುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಗಂಡಸರ ಲೆಕ್ಕ 88 ನಿಮಿಷ. ಮಕ್ಕಳು ಮತ್ತು ಹಿರಿಯರ ಆರೈಕೆಯಲ್ಲಿ ತೊಡಗುವ 15ರಿಂದ 59 ವಯಸ್ಸಿನವರಲ್ಲಿ ಹೆಂಗಸರು 140 ನಿಮಿಷ, ಗಂಡಸರು 74 ನಿಮಿಷ. ಎರಡನ್ನೂ ಮಾಡುವ ತಾಯಿಗೆ ದಿನಕ್ಕೆ ಏಳು ಗಂಟೆಯ ಕೆಲಸವಾಯಿತು. ಒಂದು ಮಾತ್ರೆಯಿಂದ ಈ ಏಳು ಗಂಟೆ ಕರಗಿಹೋಗುವುದಿಲ್ಲ, ಅದು ಬೇರೆ ಯಾರದಾದರೂ ಕೈಗೆ ಹೋಗಬೇಕು. ಹೋಗದಿದ್ದರೆ ರೋಗಿಯೇ ಎದ್ದು ಮಾಡುತ್ತಾಳೆ. ಡೆಂಗಿಯಲ್ಲಿ ಹಾಗೆ ಎದ್ದು ಮಾಡುವುದು ಏಕೆ ಅಪಾಯ, ಅದೂ ಯಾವ ದಿನ ಹೆಚ್ಚು ಅಪಾಯ ಎಂಬುದರ ಹಿಂದೆ ಒಂದು ವಿಜ್ಞಾನವಿದೆ. ಅದನ್ನು ಹೇಳುವ ಮೊದಲು ಸೊಳ್ಳೆಯ ಸುದ್ದಿಯನ್ನು ಮುಗಿಸಿಬಿಡೋಣ.

ಪೀಪಾಯಿಯ ನೀರು

1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೇನಾ ವೈದ್ಯ ಬೆಂಗಳೂರಿನ ದಂಡಿನಲ್ಲಿ ಕೆಲಸಕ್ಕಿದ್ದ. ಅವನ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಗಳು ಮಿಲಮಿಲ ಆಡುತ್ತಿರುವುದನ್ನು ನೋಡಿ ಅವನು ನೀರನ್ನು ಚೆಲ್ಲಿಸಿದ. ಸೊಳ್ಳೆ ಕಡಿಮೆಯಾಯಿತು. ಇದೇ ರಾಸ್ ಮುಂದೆ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡು, 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದ. ನೊಬೆಲ್ ಕಥೆ ಎಲ್ಲರಿಗೂ ಗೊತ್ತು, ನಮ್ಮೂರಿನ ಪೀಪಾಯಿಯ ಕಥೆ ಗೊತ್ತಿರುವವರು ಕಡಿಮೆ. ಮನೆಯ ಮಟ್ಟಿಗೆ ಉಪಯೋಗಕ್ಕೆ ಬರುವುದು ಈ ಎರಡನೆಯದೇ ಎಂದು ನನಗನಿಸುತ್ತದೆ.

ಡೆಂಗಿ ಹರಡುವುದು ಈಡಿಸ್ ಜಾತಿಯ ಸೊಳ್ಳೆ. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ಕೊಳಚೆಗಿಂತ ನಮ್ಮ ನಿಮ್ಮ ಮನೆಯ ಸ್ವಚ್ಛ ನೀರೇ ಇದಕ್ಕೆ ಇಷ್ಟ. ಡ್ರಮ್ಮು, ಸಂಪು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಬಟ್ಟಲು, ತಾರಸಿಯ ಮೇಲೆ ಬಿದ್ದಿರುವ ತೆಂಗಿನ ಚಿಪ್ಪು, ಯಾವುದಾದರೂ ಆದೀತು. ದಿನವೂ ನಲ್ಲಿ ನೀರು ಬಾರದ ಬಡಾವಣೆಗಳಲ್ಲಿ ನೀರು ಕೂಡಿಡುವುದು ಜನರ ತಪ್ಪಲ್ಲ, ಅನಿವಾರ್ಯ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಅಭಾವ ಬಡಿದಾಗ ಎಷ್ಟೋ ಮನೆಗಳಲ್ಲಿ ಇದ್ದಬದ್ದ ಪಾತ್ರೆಗಳೆಲ್ಲ ತುಂಬಿ ನಿಂತಿದ್ದವು. ಅದೇ ವರ್ಷ ರಾಜ್ಯದಲ್ಲಿ ಡೆಂಗಿ ಪ್ರಕರಣಗಳು 30 ಸಾವಿರ ದಾಟಿದವು, ಅದರಲ್ಲಿ ದೊಡ್ಡ ಪಾಲು ಬೆಂಗಳೂರಿನದು. ಆ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಹಿಡಿಯುತ್ತದೆ. ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ ಎನ್ನುವುದು ಈ ಲೆಕ್ಕದ ಮೇಲೆಯೇ. ಬರಿದು ಮಾಡಿದರೆ ಸಾಲದು, ಒಳಗೋಡೆಯನ್ನು ತಿಕ್ಕಬೇಕು. ಈಡಿಸ್ ಮೊಟ್ಟೆಯಿಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗೋಡೆಗೆ ಅಂಟಿಸಿ. ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಮತ್ತೆ ನೀರು ತಾಕಿದ ಕೂಡಲೇ ಒಡೆಯುತ್ತವೆ.

ಸೊಳ್ಳೆಪರದೆ ಯಾರಿಗೆ?

ಸಾಮಾನ್ಯವಾಗಿ ನಾವು ಮಗುವನ್ನು ಸೊಳ್ಳೆಪರದೆಯೊಳಗೆ ಮಲಗಿಸಿ ದೊಡ್ಡವರು ಹೊರಗೆ ಮಲಗುತ್ತೇವೆ. ತಾಯಿಗೆ ಡೆಂಗಿ ಬಂದಾಗ ಪರದೆ ಆಕೆಗೂ ಬೇಕು, ಅದೂ ಹಗಲು ಹೊತ್ತಿನಲ್ಲಿ. ಡೆಂಗಿ ಮುಟ್ಟಿದರೆ, ಕೆಮ್ಮಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಅಂಟುವ ರೋಗವಲ್ಲ. ಆದರೆ ಜ್ವರ ಬರುವುದಕ್ಕೆ ಒಂದೆರಡು ದಿನ ಮುಂಚಿನಿಂದ ಜ್ವರ ಬಂದು ಸುಮಾರು ಐದು ದಿನಗಳವರೆಗೆ ರೋಗಿಯ ರಕ್ತದಲ್ಲಿ ವೈರಾಣುಗಳು ತುಂಬಿರುತ್ತವೆ. ಆಗ ಕಚ್ಚಿದ ಸೊಳ್ಳೆ ಎಂಟರಿಂದ ಹನ್ನೆರಡು ದಿನಗಳ ನಂತರ ತಾನೇ ರೋಗ ಹಂಚಲು ತಯಾರಾಗುತ್ತದೆ. ಈಡಿಸ್‌ಗೆ ಇನ್ನೊಂದು ಕೆಟ್ಟ ಅಭ್ಯಾಸವಿದೆ. ಒಂದೇ ಊಟಕ್ಕೆ ಇಬ್ಬರು ಮೂವರನ್ನು ಕಚ್ಚುತ್ತದೆ, ಮತ್ತು ಹುಟ್ಟಿದ ಜಾಗದಿಂದ ಬಹಳ ದೂರ ಹಾರುವುದಿಲ್ಲ. ಒಂದೇ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಮಲಗುವುದು ಹೀಗೆ. ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುಂಚೆ ಅದರ ಕಾಟ ಜಾಸ್ತಿ. ಆದ್ದರಿಂದ ಮಧ್ಯಾಹ್ನ ಅಮ್ಮ ಮಲಗಿದ್ದರೂ ಪರದೆ ಕಟ್ಟಿ. ಅಮ್ಮನ ಪರದೆ ತಂಗಿಯನ್ನೂ ಕಾಯುತ್ತದೆ.

ಮಗು ಪರದೆಯೊಳಗೆ ಹೋಗಿ ಅಮ್ಮನ ಪಕ್ಕ ಮಲಗಬಹುದೇ? ಧಾರಾಳವಾಗಿ ಮಲಗಬಹುದು. ಎದೆಹಾಲು ಕುಡಿಯುವ ಕೂಸಾದರೆ, ವೈದ್ಯರು ಬೇಡವೆನ್ನದ ಹೊರತು, ಹಾಲು ನಿಲ್ಲಿಸಬೇಕಾಗಿಲ್ಲ. ಜ್ವರದ ತಾಯಿಯ ಹಾಲು ಕೆಡುತ್ತದೆ, ಮಗುವಿಗೆ 'ಉಷ್ಣ'ವಾಗುತ್ತದೆ ಎಂದು ಹೇಳುವ ಹಿರಿಯರು ಈಗಲೂ ಇದ್ದಾರೆ. ಹಾಗೇನೂ ಆಗುವುದಿಲ್ಲ. ಅವರೊಡನೆ ವಾದಕ್ಕಿಳಿಯದೆ, ವೈದ್ಯರನ್ನೇ ಅವರ ಎದುರಿಗೆ ಕೇಳಿಬಿಡುವುದು ಸುಲಭದ ದಾರಿ.

ಒಸರುವ ಕೊಳವೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಡೆಂಗಿಗೆ ಮೂರು ಹಂತಗಳಿವೆ. ಮೊದಲನೆಯದು ಜ್ವರದ ಹಂತ, ಎರಡರಿಂದ ಏಳು ದಿನ. ಮೂರನೆಯದು ಚೇತರಿಕೆ. ನಡುವಿನದು ಬಿಕ್ಕಟ್ಟಿನ ಹಂತ, 24ರಿಂದ 48 ಗಂಟೆ ಮಾತ್ರ. ಸಾಮಾನ್ಯವಾಗಿ ಜ್ವರ ಶುರುವಾದ ಮೂರನೆಯ ದಿನದಿಂದ ಏಳನೆಯ ದಿನದ ಒಳಗೆ, ಮೈಬಿಸಿ ಇಳಿಯುವ ಹೊತ್ತಿಗೇ ಅದು ಬರುತ್ತದೆ. ಎಲ್ಲರಿಗೂ ಬರುವುದಿಲ್ಲ, ಹೆಚ್ಚಿನವರು ತೊಂದರೆಯಿಲ್ಲದೆ ಗುಣವಾಗುತ್ತಾರೆ. ಆದರೆ ಯಾರಿಗೆ ಬರುತ್ತದೆ ಎಂದು ಮೊದಲೇ ಹೇಳುವುದು ಕಷ್ಟ. ಡೆಂಗಿ ವೈರಾಣುವಿನಲ್ಲಿ ನಾಲ್ಕು ಬಗೆಗಳಿವೆ. ಹಿಂದೆ ಒಂದು ಬಗೆ ಬಂದುಹೋಗಿ ಈಗ ಇನ್ನೊಂದು ಬಂದರೆ ಅಪಾಯ ಹೆಚ್ಚು. ಹಿಂದೆ ಡೆಂಗಿ ಆಗಿದ್ದರೆ ವೈದ್ಯರಿಗೆ ಮರೆಯದೆ ಹೇಳಿ.

ಆ 48 ಗಂಟೆಗಳಲ್ಲಿ ದೇಹದೊಳಗೆ ನಡೆಯುವುದೇನು? ತೋಟಕ್ಕೆ ನೀರು ಹಾಯಿಸುವ ರಬ್ಬರ್ ಕೊಳವೆಯನ್ನು ನೆನೆಸಿಕೊಳ್ಳಿ. ಹೊಸತಾಗಿದ್ದಾಗ ಒಂದು ಹನಿಯೂ ಹೊರಗೆ ಬರುವುದಿಲ್ಲ. ಹಳತಾದರೆ ಉದ್ದಕ್ಕೂ ಸಣ್ಣಗೆ ಒಸರುತ್ತದೆ. ಎಲ್ಲಿಯೂ ಒಡೆದಿಲ್ಲ, ಆದರೆ ತುದಿಯಲ್ಲಿ ನೀರಿನ ಒತ್ತಡವಿಲ್ಲ. ಬಿಕ್ಕಟ್ಟಿನ ಹಂತದಲ್ಲಿ ನಮ್ಮ ಸೂಕ್ಷ್ಮ ರಕ್ತನಾಳಗಳ ಒಳಪದರ ಹೀಗೆ ಸಡಿಲವಾಗುತ್ತದೆ. ರಕ್ತಕಣಗಳು ಒಳಗೇ ಉಳಿದು, ರಕ್ತದ ದ್ರವಭಾಗವಾದ ಪ್ಲಾಸ್ಮಾ ನಾಳದಿಂದ ಹೊರಗೆ, ಹೊಟ್ಟೆ ಮತ್ತು ಎದೆಗೂಡಿನ ಕಡೆಗೆ ಒಸರುತ್ತದೆ. ನಾಳದಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ, ರಕ್ತದೊತ್ತಡ ಕುಸಿಯಬಹುದು. ಕಿರುಬಿಲ್ಲೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಕಡಿಮೆಯಾಗುವುದು ಹೆಚ್ಚುಕಡಿಮೆ ಇದೇ ಸಮಯದಲ್ಲಿ. ಮನೆಯವರೆಲ್ಲ ಪ್ಲೇಟ್‌ಲೆಟ್ ಸಂಖ್ಯೆಯನ್ನು ಕ್ರಿಕೆಟ್ ಸ್ಕೋರಿನಂತೆ ಕೇಳುತ್ತಾರೆ. ವೈದ್ಯರಾದರೋ ಅದರ ಜೊತೆಗೆ ರಕ್ತ ಎಷ್ಟು ಗಟ್ಟಿಯಾಗಿದೆ ಎಂಬ ಇನ್ನೊಂದು ಅಂಕಿಯನ್ನೂ ನೋಡುತ್ತಾರೆ. ಒಸರುವಿಕೆಯ ಸುಳಿವು ಅದರಲ್ಲಿದೆ.

ಇನ್ನು ಮನೆಯ ದೃಶ್ಯ ನೋಡಿ. ಸೋಮವಾರ ಶುರುವಾದ ಜ್ವರ ಶುಕ್ರವಾರ ಇಳಿಯಿತು. ನಾಲ್ಕು ದಿನ ಸಿಂಕಿನಲ್ಲಿ ಪಾತ್ರೆ ರಾಶಿ ಬಿದ್ದಿದೆ. ತಮ್ಮನ ಸಮವಸ್ತ್ರ ಒಗೆದಿಲ್ಲ. ತಂಗಿ ನಾಲ್ಕು ದಿನದಿಂದ ಅಮ್ಮನ ತೊಡೆ ಕಂಡಿಲ್ಲ. ಅಪ್ಪ ಬೇಕಾದಷ್ಟು ರಜೆ ಹಾಕಿ ಆಗಿದೆ. ಅಮ್ಮ ಹಣೆ ಮುಟ್ಟಿ ನೋಡಿಕೊಂಡು "ಜ್ವರ ಬಿಟ್ಟಿತು" ಎಂದು ಎದ್ದು, ಸೆರಗು ಸಿಕ್ಕಿಸಿ, ಅಡುಗೆಮನೆಗೆ ನಡೆಯುತ್ತಾಳೆ. ಮನೆಯವರೆಲ್ಲರಿಗೂ ಸಮಾಧಾನ. ನಿಜವಾಗಿ ಮನೆಯವರು ಅತಿ ಎಚ್ಚರದಿಂದ ಇರಬೇಕಾದ ಹೊತ್ತು ಅದು. ಫ್ಲೂ ಜ್ವರಕ್ಕೆ, ನೆಗಡಿ ಜ್ವರಕ್ಕೆ ಒಪ್ಪುವ ನಮ್ಮ ಹಳೆಯ ತಿಳಿವಳಿಕೆ ಡೆಂಗಿಗೆ ಒಪ್ಪುವುದಿಲ್ಲ. ಜ್ವರ ಇಳಿದು 48 ಗಂಟೆ, ಅಂದರೆ ಈ ಲೆಕ್ಕದಲ್ಲಿ ಭಾನುವಾರದವರೆಗೆ, ಆಕೆ ಮಲಗಿಯೇ ಇರಬೇಕು. ಆ ಎರಡು ದಿನ ಯಾರು ಮನೆಯಲ್ಲಿರುವುದು ಎಂದು ಮಂಗಳವಾರವೇ ಕುಳಿತು ತೀರ್ಮಾನಿಸಿ. ಅಪ್ಪನಿಗೆ ಮೂರೇ ದಿನ ರಜೆ ಸಿಗುವುದಾದರೆ, ಮೊದಲ ಮೂರು ದಿನಕ್ಕೇ ಅಷ್ಟನ್ನೂ ಮುಗಿಸಿಬಿಡಬೇಡಿ. ಒಂದನ್ನು ಮೊದಲಿಗೆ ಬಳಸಿ, ಎರಡನ್ನು ಜ್ವರ ಬಿಡುವ ದಿನಕ್ಕೆ ಉಳಿಸಿಕೊಳ್ಳಿ. ಅಜ್ಜಿ ಬರುವುದಾದರೂ ಅಷ್ಟೇ.

ನೀವು ಒಂದು ನೋಟುಬುಕ್ಕಿನ ಹಾಳೆಯಲ್ಲಿ ಅಂಕಣ ಹಾಕಿಕೊಳ್ಳಿ. ಜ್ವರ ಬಂದ ದಿನವನ್ನು ಒಂದನೆಯ ದಿನವೆಂದು ಬರೆಯಿರಿ. ಹೊತ್ತುಹೊತ್ತಿಗೆ ಜ್ವರ ಎಷ್ಟಿತ್ತು, ಏನು ಕುಡಿದರು, ಎಷ್ಟು ಹೊತ್ತಿಗೆ ಮೂತ್ರ ಮಾಡಿದರು, ಯಾವ ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿರಿ. ಮೂತ್ರದ ವಿಷಯ ಬರೆಯಲು ನಾಚಿಕೆ ಬೇಡ. ಆರು ಗಂಟೆಗೊಮ್ಮೆಯಾದರೂ ಆಗುತ್ತಿದ್ದರೆ ದೇಹದಲ್ಲಿ ದ್ರವ ಸಾಕಷ್ಟಿದೆ ಎಂದು ಲೆಕ್ಕ. ಕಾರ್ಖಾನೆಯ ಮಾಪಕದ ಹಾಗೆ ಮನೆಯಲ್ಲಿ ಸಿಗುವ ಮಾಪಕ ಇದೊಂದೇ. ಓ.ಆರ್.ಎಸ್., ಗಂಜಿ, ಎಳನೀರು, ಮಜ್ಜಿಗೆ, ಬೇಳೆ ತಿಳಿ, ಏನಾದರೂ ಸರಿ, ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಕೊಡಿ. ಹೃದಯದ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಎಷ್ಟು ಕೊಡಬೇಕೆಂದು ವೈದ್ಯರೇ ಹೇಳಬೇಕು. ಬೀಟ್‌ರೂಟ್ ರಸದಂಥ ಕೆಂಪು ಪಾನೀಯ ಬೇಡ. ಅದರಲ್ಲಿ ವಿಷವೇನೂ ಇಲ್ಲ, ವಾಂತಿಯಾದರೆ ರಕ್ತವೋ ರಸವೋ ಎಂದು ನಿಮಗೆ ಗೊತ್ತಾಗುವುದಿಲ್ಲ, ಅಷ್ಟೇ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದ ಅಂತರ ಬಿಟ್ಟು. ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಡೆಂಗಿಯಲ್ಲಿ ಕೂಡದು. ಅವು ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತವೆ. ಪರಂಗಿ ಎಲೆಯ ರಸದ ಬಗ್ಗೆ ಪ್ರತಿ ಮಳೆಗಾಲದಲ್ಲೂ ನಮ್ಮ ಕಚೇರಿಗೆ ವೀಕ್ಷಕರ ಪತ್ರಗಳು ಬರುತ್ತವೆ. ಅದನ್ನು ನಂಬಿ ವೈದ್ಯರ ಬಳಿ ಹೋಗುವುದನ್ನು ತಡಮಾಡಬೇಡಿ ಎಂದಷ್ಟೇ ನನ್ನ ಉತ್ತರ. ವಾಂತಿಯಿಂದ ಬಳಲುವವರ ಬಾಯಿಗೆ ಆ ಕಹಿಯನ್ನು ಸುರಿದರೆ ಒಳಗಿದ್ದ ನೀರೂ ಹೊರಗೆ ಬಂದೀತು.

ಈ ಲಕ್ಷಣಗಳಲ್ಲಿ ಒಂದು ಕಂಡರೂ ಕಾಯಬಾರದು: ಬಿಡದ ತೀವ್ರ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ಉಸಿರಾಟದ ಕಷ್ಟ, ಕೈಕಾಲು ತಣ್ಣಗಾಗಿ ಬೆವರುವುದು, ವಿಪರೀತ ತೂಕಡಿಕೆ ಅಥವಾ ಚಡಪಡಿಕೆ, ಆರು ಗಂಟೆಯಾದರೂ ಮೂತ್ರ ಇಲ್ಲದಿರುವುದು. ಆಟೋ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ನೋಟುಬುಕ್ಕಿನ ಹಾಳೆಯನ್ನು ಜೊತೆಗೆ ಒಯ್ಯಿರಿ. ತುರ್ತು ವಿಭಾಗದ ವೈದ್ಯರು ಮೊದಲು ಕೇಳುವ ನಾಲ್ಕೈದು ಪ್ರಶ್ನೆಗಳಿಗೆ ಉತ್ತರ ಅದರಲ್ಲಿರುತ್ತದೆ. ಗರ್ಭಿಣಿಯರು, ಒಂದು ವರ್ಷದೊಳಗಿನ ಕೂಸುಗಳು, ಮುದುಕರು, ಸಕ್ಕರೆ ಕಾಯಿಲೆಯವರು ಇವರಿಗೆ ಡೆಂಗಿ ಬಂದರೆ ಮನೆಯಲ್ಲೇ ನೋಡೋಣ ಎಂಬ ಮಾತನ್ನು ವೈದ್ಯರು ಹೇಳಬೇಕು, ನಾವಲ್ಲ.

ಬೇರೆ ಜ್ವರ, ಬೇರೆ ವ್ಯವಸ್ಥೆ

ಎಲ್ಲ ಕಾಯಿಲೆಗೂ ಪರದೆ ಕಟ್ಟಿದರೆ ಪ್ರಯೋಜನವಿಲ್ಲ. ಫ್ಲೂ ಮತ್ತು ಕೋವಿಡ್ ಗಾಳಿಯಲ್ಲಿ ಬರುತ್ತವೆ. ಅಲ್ಲಿ ಬೇಕಾದದ್ದು ತೆರೆದ ಕಿಟಕಿ, ತಾಯಿಯ ಮುಖಕ್ಕೆ ಮಾಸ್ಕು, ಮಗುವನ್ನು ಮುಟ್ಟುವ ಮೊದಲು ಸೋಪಿನಿಂದ ತೊಳೆದ ಕೈ. ಫ್ಲೂ ಇರುವವರು ಲಕ್ಷಣ ಕಾಣುವ ಒಂದು ದಿನ ಮುಂಚಿನಿಂದಲೇ ಅದನ್ನು ಹರಡುತ್ತಾರಾದ್ದರಿಂದ ಮಗುವನ್ನು ಪೂರ್ತಿ ಕಾಪಾಡುವುದು ಕಷ್ಟ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ತಂದೆತಾಯಿ ಇಬ್ಬರಿಗೂ ಒಟ್ಟಿಗೆ ಕೋವಿಡ್ ಬಂದ ಮನೆಗಳು ದಕ್ಷಿಣ ಬೆಂಗಳೂರಿನಲ್ಲೂ ಇದ್ದವು. ಬಾಗಿಲ ಹೊರಗೆ ನೆರೆಯವರು ಇಟ್ಟುಹೋದ ಊಟದ ಡಬ್ಬಿಯೇ ಆಗ ಎಷ್ಟೋ ಮಕ್ಕಳ ಪಾಲಿಗೆ ಅಡುಗೆಮನೆ. ವಾಂತಿಭೇದಿಯಾದರೆ ನಿಯಮ ಇನ್ನೂ ಸರಳ: ರೋಗ ನಿಂತು ಎರಡು ದಿನ ಕಳೆಯುವವರೆಗೆ ಆಕೆ ಅಡುಗೆ ಮಾಡಕೂಡದು. ಅನ್ನ, ಸಾರು ಮಾಡಲು ಬರುವುದಿಲ್ಲ ಎನ್ನುವ ಹುಡುಗರು ಈ ಭಾನುವಾರವೇ ಕಲಿತುಬಿಡಿ. ಅಮ್ಮ ಆರೋಗ್ಯವಾಗಿರುವಾಗ ಕಲಿಸುವುದು ಸುಲಭ.

ಇನ್ನೊಂದು ವಿಷಯವನ್ನು ಆರೋಗ್ಯದ ಲೇಖನಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಜ್ವರದ ಮಂಪರಿನಲ್ಲಿರುವ ತಾಯಿಗೆ ಮಗುವಿನ ಮೇಲೆ ಕಣ್ಣಿಡಲಾಗುವುದಿಲ್ಲ. ದಿಂಬಿನ ಪಕ್ಕದ ಮಾತ್ರೆಯ ಪಟ್ಟಿ ಮಗುವಿಗೆ ಪೆಪ್ಪರಮೆಂಟಿನಂತೆ ಕಾಣುತ್ತದೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ನಿವಾರಕದ ಬಾಟಲಿ ಅದರ ಕೈಗೆಟಕುವ ಎತ್ತರದಲ್ಲೇ ಇರುತ್ತದೆ. ಬಚ್ಚಲಿನ ಬಕೆಟ್ಟಿನಲ್ಲಿ ಒಂದು ಗೇಣು ನೀರಿದ್ದರೂ ತಲೆಕೆಳಗಾಗಿ ಬಿದ್ದ ಎರಡು ವರ್ಷದ ಮಗು ಮೇಲೇಳಲಾರದು, ಕೂಗಲೂ ಆರದು. ನಮ್ಮ ಬಡಾವಣೆಗಳ ಮನೆಗಳಲ್ಲಿ ಅಂಗಳದಲ್ಲೇ ಸಂಪು ಇರುತ್ತದೆ. ಟ್ಯಾಂಕರ್ ಬಂದುಹೋದ ಮೇಲೆ ಮುಚ್ಚಳ ಹಾಕಿದ್ದಾರೆಯೇ ಎಂದು ಕಾಲೇಜಿಗೆ ಹೊರಡುವ ಮುನ್ನ ನೋಡಿ. ಬಿಗಿಯಾದ ಮುಚ್ಚಳ ಸೊಳ್ಳೆಯನ್ನೂ ತಡೆಯುತ್ತದೆ, ಮಗುವನ್ನೂ ತಡೆಯುತ್ತದೆ. ನೀವಿಬ್ಬರೂ ಹೊರಗೆ ಹೋಗಲೇಬೇಕಾದ ಹೊತ್ತಿನಲ್ಲಿ ತಾಯಿ ಮತ್ತು ಮಗು ಒಂದೇ ಕೋಣೆಯಲ್ಲಿರಲಿ, ನೆಲದ ಮೇಲೆ ಹಾಸಿಗೆ, ಬಾಗಿಲು ಮುಂದೆ ಮಾಡಿ, ಕೈಗೆಟಕುವಂತೆ ನೀರು, ಬಾಳೆಹಣ್ಣು, ಫೋನು. ಗಂಟೆಗೊಮ್ಮೆ ಬಂದು ಬಾಗಿಲು ತಟ್ಟಿ ನೋಡುವಂತೆ ಕೆಳಗಿನ ಮನೆಯವರಿಗೆ ಹೇಳಿಹೋಗಿ.

ಹೇಳುವುದಕ್ಕೆ ಸಂಕೋಚ ಎನ್ನುವಿರಾ? ಅದು ನಿಜ. "ಏನು ಬೇಕಾದರೂ ಕೇಳಿ" ಎನ್ನುವ ನೆರೆಯವರಿಗೂ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ. "ಸಂಜೆ ಐದರಿಂದ ಆರೂವರೆಯವರೆಗೆ ತಂಗಿಯನ್ನು ನಿಮ್ಮ ಮನೆಯಲ್ಲಿ ಆಡಿಸುತ್ತೀರಾ?" ಎಂದು ಗಂಟೆ ಹೇಳಿ ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಅಂಗನವಾಡಿಯ ಶಾಲಾಪೂರ್ವ ತರಗತಿ ಮೂರರಿಂದ ಆರು ವರ್ಷದ ಮಕ್ಕಳಿಗೆ. ಎರಡು ವರ್ಷದ ಕೂಸಿಗೆ ಅಲ್ಲಿ ಜಾಗವಿಲ್ಲ, ಹಾಗಾಗಿ ನೆರೆಮನೆಯೇ ಗತಿ.

ಇದೇ ಅಡ್ಡರಸ್ತೆಯ ಮನೆಗಳಲ್ಲಿ ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಡೆಂಗಿ ಬಂದರೆ? ಕಾರ್ಖಾನೆಯ ನೌಕರನಾದ ಅಪ್ಪ ಇ.ಎಸ್.ಐ. ಯೋಜನೆಯಲ್ಲಿದ್ದರೆ, ತಾನು ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಪಡೆಯುವ ಅವಕಾಶವಿದೆ. ಮನೆಗೆಲಸದವರಲ್ಲಿ ಹೆಚ್ಚಿನವರಿಗೆ ಅಂಥದ್ದೇನೂ ಇಲ್ಲ. ಬಾರದ ದಿನದ ಕೂಲಿ ಹೋಯಿತು, ಅವರ ಮನೆಯಲ್ಲೂ ಎರಡು ವರ್ಷದ ಮಗು ಇರಬಹುದು. ಜ್ವರ ಬಿಟ್ಟ ದಿನವೇ ಅವರು ಎದ್ದು ಬರುವುದು ಆಶ್ಚರ್ಯವಲ್ಲ. ನಿಮ್ಮ ಮನೆಗೆ ಹಾಗೆ ಬಂದವರಿದ್ದರೆ ಸಂಬಳ ಕಡಿತ ಮಾಡದೆ ಇನ್ನೆರಡು ದಿನ ಮಲಗಲು ಹೇಳುವಂತೆ ಮನೆಯಲ್ಲಿ ಮಾತೆತ್ತುವವರು ನೀವೇ ಆಗಬಹುದು. ಈಗ ಕಾರಣವೂ ನಿಮಗೆ ಗೊತ್ತಿದೆ.

ಬಿಕ್ಕಟ್ಟಿನ 48 ಗಂಟೆ ಸುಸೂತ್ರವಾಗಿ ಕಳೆದರೆ ನಾಳಗಳ ಒಳಪದರ ಮತ್ತೆ ಬಿಗಿಯಾಗುತ್ತದೆ, ಒಸರಿದ ದ್ರವ ವಾಪಸು ರಕ್ತಕ್ಕೆ ಸೇರುತ್ತದೆ. ಹಸಿವು ಮರಳುತ್ತದೆ, ಮೂತ್ರ ಹೆಚ್ಚುತ್ತದೆ. ಕೆಲವರಿಗೆ ಕೆಂಪು ಚರ್ಮದ ನಡುವೆ ಬಿಳಿ ದ್ವೀಪಗಳಂಥ ಕಲೆಗಳು ಕಾಣಿಸಿಕೊಂಡು ತುರಿಸುತ್ತದೆ. ಅದು ಗಾಬರಿಯ ಲಕ್ಷಣವಲ್ಲ. ಆದರೆ ಆಯಾಸ ಎರಡು ಮೂರು ವಾರ ಬಿಡದಿರಬಹುದು. ಕೆಲಸಗಳನ್ನು ಒಂದೊಂದಾಗಿ ಆಕೆಗೆ ಹಿಂತಿರುಗಿಸಿ: ಮೊದಲು ಕುಳಿತು ಮಾಡುವ ಸೊಪ್ಪು ಬಿಡಿಸುವುದು, ತಂಗಿಗೆ ತುತ್ತು ಹಾಕುವುದು, ಆಮೇಲೆ ಒಲೆಯ ಮುಂದಿನ ಕೆಲಸ. ಬಕೆಟ್ ಎತ್ತುವುದು, ಬಟ್ಟೆ ಹಿಂಡುವುದು, ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಎರಡು ಮಹಡಿ ಹತ್ತುವುದು, ಇವು ಮೂರೂ ಕೊನೆಗೆ.